ನೂರಾ ಇಪ್ಪತ್ತಕ್ಕೆ ಎಷ್ಟು

ಮೊದಲು ಹೆಸರು: ಎಲ್ಯುತೆರಿಯೋ. ವಯಸ್ಸು ನಲವತ್ತೊಂದು.
ಊರು, ಪನಾಯ್ ದ್ವೀಪದ ಬಡಗಣ ಅಂಚು,
ದೋಣಿಯಿಳಿದು ಮೊಣಕಾಲುದ್ದ ಕೆಸರು ದಾಟಿದರೆ ಸಿಗುವ
ಹದಿನೇಳು ಮನೆ.
ಕಸುಬು, ಕಪೀಸ್ ಚಿಪ್ಪು ಕತ್ತರಿಸುವುದು.
"ಈಗಲೂ?" ಎಂದೆ.
ಫಾರಮ್ಮಿಗೆ ಬೇಕಿತ್ತು, ನನಗಲ್ಲ.
ತಂಗಿ ಎರ್ಲಿಂದಾ ನಕ್ಕಳು:
"ಈಗ ಚಿಪ್ಪೇ ಅವನನ್ನು ಕತ್ತರಿಸುತ್ತೆ."

ಇಲ್ಲಿಯವರು ಈ ರೋಗವನ್ನು ಲುಬಾಗ್ ಅನ್ನುತ್ತಾರೆ.
ತಿರುಚು. ಅಷ್ಟೇ ಅರ್ಥ.
ಒದ್ದೆ ಬಟ್ಟೆ ಹಿಂಡುವ ಎರಡು ಕೈಗಳ ನಡುವೆ
ಮನುಷ್ಯ ಸಿಕ್ಕಿಬಿದ್ದಂತೆ.
ನಮ್ಮ ಕಡತದಲ್ಲಿ ಇದಕ್ಕೆ ಒಂದೂವರೆ ಸಾಲಿನ ಹೆಸರುಂಟು,
ಆ ಪುಟ್ಟ ಮಾತು ಕಂಡಷ್ಟನ್ನು ಅದು ಕಂಡಿಲ್ಲ.

ಕಣ್ಣು, ಬಾಯಿ, ಮಾತು, ಕತ್ತು,
ಎರಡು ಕೈ, ಬೆನ್ನು, ಎರಡು ಕಾಲು
ಎಲ್ಲ ಕೂಡಿಸಿದರೆ ನೂರಾ ಇಪ್ಪತ್ತು.
ಸೊನ್ನೆ ತೆಗೆದವನೇ ಜಾಣನಾಗುವ
ಪರೀಕ್ಷೆ ಇದೊಂದೇ.
ಕುರ್ಚಿ ಹಾಕಿ, ಕ್ಯಾಮೆರಾ ನಿಲ್ಲಿಸಿ
"ನೆಟ್ಟಗೆ ನೋಡಿ" ಎಂದೆ.

ಅವನು ಜೇಬಿಗೆ ಕೈ ಹಾಕಿದ. ಕೈ ಜೇಬು ಸೇರಲು
ಹೊತ್ತು ಹಿಡಿಯಿತು.
ತೆಗೆದದ್ದು ಒಂದು ಚಿಪ್ಪು,
ಬೆಳಕನ್ನು ಅರ್ಧ ಒಳಗೆ ಬಿಟ್ಟು
ಅರ್ಧ ತಾನೇ ಇಟ್ಟುಕೊಳ್ಳುವಂಥದ್ದು.
ಎಡಗೆನ್ನೆಗೆ ಆನಿಸಿದ. ಒತ್ತಲಿಲ್ಲ.
ಬೆನ್ನ ಹಿಂದೆ ಅಲೆಯುತ್ತಿದ್ದ ಮುಖ
ಕರೆದರೆ ಬರುವ ಎಮ್ಮೆಗರುವಿನ ಹಾಗೆ
ಮೆಲ್ಲಗೆ ಬಂದು
ನನ್ನೆದುರು ನಿಂತಿತು.

"ಚಿಪ್ಪು ಕೆಳಗಿಡಿ" ಎಂದೆ.
ನಿಯಮ ಹಾಗಿದೆ, ಆಸರೆಯಿಲ್ಲದೆ ಅಳೆಯಬೇಕು.
ಇಟ್ಟ.
ಕತ್ತು ಹೊರಟುಹೋಯಿತು.
ಎಂಟಕ್ಕೆ ಎಂಟು, ಬರೆದುಕೊಂಡೆ.

ತಾಯಿ ನನಾಯ್ ಪುರಿಂಗ್ ರಕ್ತ ಕೊಡಲಿಲ್ಲ.
ಮೂರು ಸಲ ಹೋದೆ. ಮೂರು ಸಲವೂ ಅನ್ನ ಬಡಿಸಿದಳು,
ಒಣಮೀನು ಹುರಿದಳು,
ತೋಳು ಮಾತ್ರ ಚಾಚಲಿಲ್ಲ.
ತಾಯಿಂದ ಬರುತ್ತದೆ, ಮಗನಲ್ಲಿ ಒಡೆಯುತ್ತದೆ ಎಂದು
ನಾನು ಬಾಯಿ ಬಿಟ್ಟಿರಲಿಲ್ಲ.
ಅವಳು ಒಲೆಯ ಮುಂದೆ ಕೂತು ತಾನೇ ಲೆಕ್ಕ ಹಾಕಿದ್ದಳು:
ತನ್ನ ಇಬ್ಬರು ಅಣ್ಣಂದಿರು, ಸೋದರಮಾವ,
ಈಗ ಇವನು.

ಮನಿಲಾದಲ್ಲಿ ತಲೆಗೆ ಎರಡು ತಂತಿ ಇಳಿಸಿದರು,
ಎದೆಯ ಚರ್ಮದಡಿ ಬ್ಯಾಟರಿ.
ಮೂರು ತಿಂಗಳು ಕೆಲವರಿಗೆ ಅದು ಹೊತ್ತಿರುತ್ತದೆ,
ಕೆಲವರಿಗೆ ಸುಮ್ಮನೆ ಇರುತ್ತದೆ.
ಯಾರಿಗೆ ಯಾವುದು, ಅವನಿಗೆ ಗೊತ್ತಿಲ್ಲ, ನನಗೂ ಇಲ್ಲ,
ಕಡಲಾಚೆ ಕೂತು ವಿಡಿಯೋ ನೋಡಿ ಅಂಕ ಹಾಕುವವರಿಗೂ ಇಲ್ಲ.
ಗೊತ್ತಿರುವುದು ಅಂಟಿಸಿದ ಒಂದು ಲಕೋಟೆಗೆ.
ಕೋಳಿ ಅಂಕಕ್ಕೆ ದುಡ್ಡು ಕಟ್ಟುವ ಊರು
ಈ ಅಂಕಕ್ಕೂ ಕಟ್ಟಿತು:
ಹೊತ್ತಿದೆ. ಇಲ್ಲ, ಹೊತ್ತಿಲ್ಲ.

ಮೂರನೆಯ ತಿಂಗಳು
ಕೆಸರು ದಾಟಿ ದೋಣಿಯವರೆಗೆ ತಾನೇ ಬಂದ,
ನನ್ನ ಚೀಲ ಹೊರಲೂ ಹೊರಟ.
ಮಾತು ಬಂದಿರಲಿಲ್ಲ. ನಾಲಗೆ ಇನ್ನೂ
ಬಾಗಿಲಲ್ಲಿ ಅಡ್ಡ ಮಲಗಿದ ನಾಯಿ.
ಎರಡೂ ಕಡೆಯವರು ನಾವೇ ಗೆದ್ದೆವೆಂದು ಕೂಗಾಡಿದರು.
ಜೇಬಿನಲ್ಲಿ ಚಿಪ್ಪು ಇದ್ದೇ ಇತ್ತು,
ಫಾರಮ್ಮಿನ ಅಂಚಿನಲ್ಲಿ ಪೆನ್ಸಿಲ್ಲಲ್ಲಿ ಬರೆದೆ,
ಯಾವ ಕಾಲಮ್ಮೂ ಕೇಳದಿದ್ದರೂ.

ಸಾಮಾನು ಕಟ್ಟುವಾಗ
ನನಾಯ್ ಪುರಿಂಗ್ ಬಂದು ಆ ಕುರ್ಚಿಯಲ್ಲಿ ಕೂತಳು.
ಎಣ್ಣೆ ಹಚ್ಚಿ ಬಾಚಿದ್ದಳು.
"ನನಗೆಷ್ಟು?"
"ಏನು ಎಷ್ಟು?"
"ನೂರಾ ಇಪ್ಪತ್ತಕ್ಕೆ."
ನೋಡಿದೆ, ಬೇರೆ ದಾರಿ ಇರಲಿಲ್ಲ.
ಕಣ್ಣು ಮುಚ್ಚಿ ತೆರೆ, ಹತ್ತು ಎಣಿಸು,
ಎದ್ದು ಬಾಗಿಲವರೆಗೆ ಹೋಗಿ ಬಾ.
ಕತ್ತು ಸೊನ್ನೆ, ಕೈ ಸೊನ್ನೆ, ಎಲ್ಲ ಸೊನ್ನೆ.
ಹೇಳಿದೆ.
ಕದ್ದ ಮಾಲು ಕೈಯಲ್ಲೇ ಸಿಕ್ಕವಳಂತೆ
ನೆಲ ನೋಡಿದಳು ತುಂಬಾ ಹೊತ್ತು.
ಆಮೇಲೆ ತೋಳು ಚಾಚಿದಳು.

ನರ ಸಿಗಲಿಲ್ಲ. ಎರಡು ಸಲ ಚುಚ್ಚಿದೆ.
ಕೈ ನಡುಗಿದ್ದು ನನ್ನದು.
"ಹುಡುಕು" ಅಂದಳು,
"ಅಲ್ಲೇ ಎಲ್ಲೋ ಇದೆ."