ಒಂದು ಮಣಿ ಕಡಿಮೆ

ಚಿಕ್ಕಮಗಳೂರಿನ ಕ್ಯೂರಿಂಗ್ ವರ್ಕ್ಸಿನಲ್ಲಿ
ಅವ್ವನಿಗೆ ಬೆಳಗಿಂದ ಬೈಗಿನವರೆಗೆ ಒಂದೇ ಕೆಲಸ:
ಮುಂದೆ ಹರಡಿದ ಕಾಫಿ ಬೀಜದಲ್ಲಿ
ಕರಿದು, ಒಡಕು, ಹುಳ ಕೊರೆದದ್ದು
ಆರಿಸಿ ಆಚೆ ಹಾಕುವುದು.
ಅವಳ ಕಣ್ಣು ತಪ್ಪಿಸಿ
ಒಂದು ಕರಿ ಕಾಳೂ ಮೂಟೆ ಸೇರಿದ್ದಿಲ್ಲ.

ಸಂಜೆ, ದೂಳು ತೊಳೆದ ಅದೇ ಬೆರಳು
ಜಪಸರ ಹಿಡಿಯುತ್ತಿತ್ತು.
ಅಪ್ಪನ ಕೆಮ್ಮು, ಅಕ್ಕನ ಎಸ್ಸೆಸ್ಸೆಲ್ಸಿ,
ಪಕ್ಕದ ಮನೆ ಮೆಹರುನ್ನೀಸಾಳ ಹೆರಿಗೆ,
ಹಾಲಿನ ಬಾಕಿ ಕೇಳದ ಪುಟ್ಟಸ್ವಾಮಿ,
ಕೊನೆಗೆ ಚೌರಪ್ಪ ಚಿಕ್ಕಪ್ಪ,
ಅವಳ ಓಲೆ ಅಡವಿಟ್ಟು
ತರೀಕೆರೆ ಬಸ್ಸು ಹತ್ತಿದವನು.

"ಅವನ್ನ ಯಾಕವ್ವಾ?"
"ಸುಮ್ನೆ ಮೊಣಕಾಲೂರು."

ಒಂದು ರಾತ್ರಿ ದಾರ ಹರಿದು
ಮಣಿಯೆಲ್ಲ ಟ್ರಂಕಿನಡಿ, ಮಂಚದಡಿ.
ಒಂದು ಬಿಟ್ಟು ಎಲ್ಲ ಸಿಕ್ಕವು.
ಸೀರೆ ನೆರಿಗೆಯಲ್ಲಿ ಸಿಕ್ಕಿಕೊಂಡು ಬಂದಿದ್ದ
ಕರಿ ಬೀಜವೊಂದನ್ನು
ಕಾದ ಸೂಜಿಯಲ್ಲಿ ಚುಚ್ಚಿ ಪೋಣಿಸಿದಳು ಅವ್ವ.
"ತೂಕಕ್ಕೆ ಬರಲ್ಲ. ಜಪಕ್ಕೆ ಬರುತ್ತೆ."
ಅಂದಿನಿಂದ ಚಿಕ್ಕಪ್ಪನಿಗೆ ಅದೇ ಮಣಿ.

ಈಗ ಆ ಸರ ನನ್ನ ಮನೆಯ ಮೊಳೆಯಲ್ಲಿ.
ಬೀಜ ಬಿರಿದಿದೆ, ಬಿದ್ದಿಲ್ಲ.
ಊಟಕ್ಕೆ ಮುಂಚೆ ಮಗಳು ಫಿಲೋಮಿನಾ
ಅನ್ನಕ್ಕೆ, ನಿಂಬೆಕಾಯಿ ಉಪ್ಪಿನಕಾಯಿಗೆ,
ಕರೆಂಟು ಬಂದದ್ದಕ್ಕೆ
ಯೇಸುಸ್ವಾಮಿಗೆ ವಂದನೆ ಹೇಳುತ್ತಾಳೆ.
ಬೆಳಿಗ್ಗೆ ಗ್ಯಾಸ್ ಸಿಲಿಂಡರಿನ ನೆಪಕ್ಕೆ
ಅವಳಮ್ಮನ ಮೇಲೆ ರೇಗಿದ ನಾನು
ತಟ್ಟೆ ನೋಡುತ್ತ ಕೂತಿದ್ದೆ.

ಇವತ್ತು ಸರ ಅವಳ ಕೈಯಲ್ಲಿತ್ತು.
ಹೆಸರು ಹೇಳುತ್ತ ಹೇಳುತ್ತ
ಆ ಒರಟು ಮಣಿ ತಗುಲಿದ್ದೇ
ಬೆರಳು ಸ್ವಲ್ಪ ತಡೆಯಿತು.
ಆಮೇಲೆ ಪಿಸುಗುಡದೆ, ಜೋರಾಗಿಯೇ,
"ಅಪ್ಪ" ಎಂದಳು.