ಒಳಗೆ ಬಿಟ್ಟ ಬಟ್ಟೆ

ಶಟರ್ ಅರ್ಧಕ್ಕೆಳೆದು, ಕಟಿಂಗ್ ಮೇಜಿನ ಮೇಲೆ
ನಾಲ್ಕನ್ನೂ ಹರಡಿದ್ದೇನೆ, ಇಸ್ಪೀಟಿನ ಹಾಗೆ.
ಎದುರಿಗೆ ಆಡುವವರಿಲ್ಲ.

ನೀಲಿಯದು. ಬೆಳ್ಳಿಯದು. ಮೂಲೆ ಸವೆದ ಹಸಿರು.
ಮತ್ತೊಂದು ಈಚಿನದು, ಇಪ್ಪತ್ತು ಸಾವಿರ ಠೇವಣಿಯಿಟ್ಟು ಪಡೆದದ್ದು,
ನನ್ನ ದುಡ್ಡನ್ನೇ ನನಗೆ ಸಾಲ ಕೊಡುವ ಕಾರ್ಡು.
ನಗಬೇಡ ಸುಲಕ್ಷಾ,
ಒಮ್ಮೆ ಹೊರಬಿದ್ದವರಿಗೆ ಒಳಬರಲು
ಇರುವುದು ಅದೊಂದೇ ಹಿತ್ತಿಲ ಬಾಗಿಲು.

ಊರ ಹೆಂಗಸರ ಎದೆ, ಸೊಂಟ, ತೋಳು ಬರೆದಿಟ್ಟ
ಈ ಅಳತೆ ಪುಸ್ತಕದ ಕೊನೆಯ ಹಾಳೆಯಲ್ಲಿ
ತಿಂಗಳಿಗೊಮ್ಮೆ ನನ್ನದೂ ಬರೆಯುತ್ತೇನೆ.
ಮೂರು ವರ್ಷದ ಹಿಂದೆ ಐನೂರ ಅರವತ್ತೆರಡು.
ಇವತ್ತು ಬೆಳಿಗ್ಗೆ ಆರುನೂರ ತೊಂಬತ್ತೆಂಟು.

ಎಷ್ಟು ಇಟ್ಟುಕೊಳ್ಳಲಿ?
ಒಂದೂ ಬೇಡ, ಒಲೆಗೆ ಹಾಕು, ಎನ್ನುತ್ತಾಳೆ
ಸದಾಶಿವಗಡದ ನಾದಿನಿ ಊರ್ಮಿಳಾ.
ಎಲ್ಲ ಇರಲಿ ಮೇಡಂ, ಐದನೆಯದೂ ಕೊಡಿಸುತ್ತೇನೆ,
ಎನ್ನುತ್ತಾನೆ ಟೈ ಕಟ್ಟಿದ ಹುಡುಗ.

ಒಂದೇ ಸಾಕೆಂದು ನನಗೂ ಅನಿಸಿತ್ತು.
ಆದರೆ ಕಾಳಿಯ ಹಳೆಯ ಸೇತುವೆ ಮಧ್ಯರಾತ್ರಿ ಮುರಿದು
ಲಾರಿಯೊಂದು ನೀರಿಗಿಳಿದ ಮೇಲೆ
ಊರ್ಮಿಳಾ ನಮ್ಮನೆಗೆ ಬಂದದ್ದು
ಪಕ್ಕದಲ್ಲಿ ಇನ್ನೊಂದಿತ್ತೆಂದೇ ಅಲ್ಲವೇ?

ನೀಲಿಯದು ವರ್ಷಕ್ಕೆ ಹದಿನೈದು ನೂರು ಕೇಳುತ್ತದೆ.
ವಿಮಾನ ನಿಲ್ದಾಣದಲ್ಲಿ ಪುಕ್ಕಟೆ ಊಟವಂತೆ.
ಶಿರವಾಡಕ್ಕೆ ಹೋಗಿ ರೈಲು ಹತ್ತಲು
ರಿಕ್ಷಾದವನ ಹತ್ತಿರ ಚೌಕಾಸಿ ಮಾಡುವವಳು ನಾನು.
ಮುಚ್ಚಿಬಿಡಿ ಎಂದು ಬ್ಯಾಂಕಿಗೆ ಬರೆದಾಯಿತು.

ಹಸಿರಿಗೆ ಹದಿಮೂರು ವರ್ಷ.
ಹಳೆಯದನ್ನು ಮುಚ್ಚಿದರೆ ನನ್ನ ವಯಸ್ಸು ಕಡಿಮೆಯಾಗುತ್ತದಂತೆ,
ಇಲ್ಲಿ ಮಾತ್ರ ಮುದುಕಿಯಾದಷ್ಟೂ ಮರ್ಯಾದೆ!
ಅದರಲ್ಲಿ ಮೊದಲು ಕೊಂಡದ್ದು
ಹುಬ್ಬಳ್ಳಿಯಲ್ಲಿ, ಹತ್ತಿಂಚಿನ ಈ ಕತ್ತರಿ.

ಬೆಳ್ಳಿಯದರ ಮೇಲೆ ಹೆಸರು ನನ್ನದು,
ಕಾರ್ಡು ಮಾತ್ರ ನತಾಲಿನಾಳದೇ ಎನ್ನಬೇಕು.
ಬೈತಖೋಲದಲ್ಲಿ ಐಸ್‌ಕ್ರೀಮ್ ಅಂಗಡಿಗೆಂದು
ಎರಡು ಫ್ರೀಜರ್ ತಂದಳು, ಇದನ್ನು ಉಜ್ಜಿ.
ಎರಡು ಮಳೆಗಾಲ ಕಂಡಿತು ಅಂಗಡಿ.
ಆಮೇಲೆ ಫೋನು ಮಾಡಿದವರೆಲ್ಲ
ನನ್ನ ಹೆಸರು ತಪ್ಪಾಗಿ ಕರೆದು, ನನ್ನನ್ನೇ ಸರಿಯಾಗಿ ಬೈದರು.
ಕೊನೆಗೆ ಅರ್ಧಕ್ಕೆ ಒಪ್ಪಿ ಬರೆದರು: ಸೆಟಲ್ಡ್.
ಕೇಳಲು ಗಂಡ ಮನೆ ಸಿಕ್ಕ ಹಾಗೆ ಇದೆ.
ಏಳು ವರ್ಷ ಹೋಗುವುದಿಲ್ಲವಂತೆ ಆ ಕಲೆ.
ಈಗ ಮೀನು ಪೇಟೆಯಲ್ಲಿ ಎದುರಾದರೆ
ಅವಳು ಬಂಗಡೆಯ ಕಿವಿರು ಎತ್ತಿ ನೋಡುತ್ತಾಳೆ,
ನಾನು ಚಿಲ್ಲರೆ ಎಣಿಸುತ್ತೇನೆ, ಮತ್ತೊಮ್ಮೆ ಎಣಿಸುತ್ತೇನೆ.

ರವಿಕೆ ಹೊಲಿವಾಗ ನಿನಗೆ ಹೇಳಿಕೊಟ್ಟೆನಲ್ಲ,
ಪಕ್ಕೆಯಲ್ಲಿ ಒಂದಿಂಚು ಬಟ್ಟೆ ಒಳಗೆ ಬಿಡು ಎಂದು.
ಹೊರಗೆ ಕಾಣುವುದಿಲ್ಲ, ಯಾರೂ ಹೊಗಳುವುದಿಲ್ಲ.
ಮೈ ತುಂಬಿದ ವರ್ಷ ಹೊಲಿಗೆ ಬಿಚ್ಚಿದರೆ
ಅಲ್ಲಿರುತ್ತದೆ, ಮಾಸದ ಬಣ್ಣದಲ್ಲಿ.
ಲಿಮಿಟ್ಟು ಅಂದರೆ ಅಷ್ಟೇ, ಸುಲಕ್ಷಾ.
ನಲವತ್ತು ಸಾವಿರವಿದ್ದರೆ ಹತ್ತರಾಚೆ ಮುಟ್ಟಬಾರದು.
ಆಗ ನಾನು ಅಂಚಿನವರೆಗೂ ಹೊಲಿದಿದ್ದೆ.
ಒಮ್ಮೆ ಬಗ್ಗಿದ್ದಕ್ಕೇ ಪರ್ರೆಂದಿತು.

ಸರಿ, ಎರಡು. ಹಸಿರು, ಮತ್ತೆ ಠೇವಣಿಯದು.
ಹಸಿರಲ್ಲಿ ಕರೆಂಟ್ ಬಿಲ್ಲು, ಇನ್ನೊಂದರಲ್ಲಿ ದಾರ, ಗುಂಡಿ, ಕ್ಯಾನ್ವಾಸು.
ಐದನೇ ತಾರೀಕಿಗೆ ಪೂರ್ತಿ ಕಟ್ಟುವುದು.

ಅಯ್ಯೋ, ಆ ಕತ್ತರಿ ಮುಟ್ಟಬೇಡ!
ಪ್ಲಾಸ್ಟಿಕ್ಕಿಗೆ ಹಾಕಿದರೆ ಬಾಯಿ ಹೋಗುತ್ತದೆ.
ಸಿಗಡಿಯ ಕತ್ತರಿ ತಂದಿದ್ದೇನೆ ಮನೆಯಿಂದ.
ನೀಲಿಯದು ಎರಡಾಯಿತು, ನಾಲ್ಕಾಯಿತು,
ಬೆರಳಿಗೆ ಸ್ವಲ್ಪ ಮೀನಿನ ವಾಸನೆ.
ಬೆಳ್ಳಿಯದನ್ನು ಬ್ಯಾಂಕೇ ಎಂದೋ ಕೊಂದಿದೆ.
ಇರಲಿ ಬಿಡು, ಬಟ್ಟೆಗೆ ಗುರುತು ಹಾಕುವ ಚಾಕು
ಕೆರೆದು ಚೂಪು ಮಾಡಲು ಬರುತ್ತದೆ.

ಮಳೆ ಬರುವ ಮೊದಲು ದೀಪ ಆರಿಸು.
ನಾಳೆ ನತಾಲಿನಾಳ ಮಗಳು ಬರುತ್ತಾಳೆ,
ಯೂನಿಫಾರ್ಮಿಗೆ. ಅಳತೆಗೂ ಒಬ್ಬಳೇ ಬಂದಿದ್ದಳು.
ಬೆಳೆಯುವ ಹುಡುಗಿ.
ಪಕ್ಕೆಯಲ್ಲಿ ಒಂದೂವರೆ ಇಂಚು ಬಿಟ್ಟಿದ್ದೀಯಾ, ತೋರಿಸು.