ಚಿಲ್ಲರೆ

ಐದು ತಿಂಗಳು, ಹನ್ನೊಂದು ದಿನ.
ಲೆಕ್ಕ ನನ್ನ ಕಸುಬು, ತಪ್ಪುವುದಿಲ್ಲ.
ಕೊನೆಯ ಬಾಟಲಿ ಇಳಿದ ಸಂಜೆಯಿಂದ
ಈ ಬೆಳಗಿನ ಚೀಟಿಯವರೆಗೆ.

ಆರು ತಿಂಗಳಾದರೂ ದಾಟಬೇಕಿತ್ತು ಎಂದರು ಡಾಕ್ಟರು.
ನನಗಲ್ಲ, ಪಕ್ಕದಲ್ಲಿ ನಿಂತ ಎಳೆಯ ಡಾಕ್ಟರಿಗೆ,
ಇಂಗ್ಲಿಷಿನಲ್ಲಿ.
ಇಪ್ಪತ್ತೆರಡು ವರ್ಷದ ಕಂಡಕ್ಟರು ನಾನು.
ಈ ಊರಿನ ಎಷ್ಟು ಇಂಗ್ಲಿಷು ನನ್ನ ಭುಜಕ್ಕೆ ಒರಗಿಕೊಂಡು
ಫೋನಿನಲ್ಲಿ ಜಗಳಾಡಿಲ್ಲ!
ಅರ್ಥವಾಯಿತು.

ಹದಿನಾಲ್ಕಕ್ಕೆ ಇಳಿದಿದ್ದ ನಂಬರು ಅರವತ್ತಾಗಿ
ಅರವತ್ತು ಇನ್ನೂರ ಹತ್ತಾಗಿದೆ.
ಹೊಟ್ಟೆಯ ಪದರದ ಮೇಲೆ ಅಲ್ಲಲ್ಲಿ
ರಾಗಿ ಚೆಲ್ಲಿದ ಹಾಗೆ, ನೋಡಿ, ಎಂದರು.
ನನಗೆ ಕಂಡದ್ದು ಬರೀ ಮೋಡ.

ಸ್ಟೇಜು ಎಂಬ ಮಾತು ನನಗೆ ಹೊಸದಲ್ಲ.
ಹೋದ ವರ್ಷ ಮೂರನೇ ಸ್ಟೇಜು ಅಂದಾಗ
ನಗು ಬಂದಿತ್ತು, ಆಣೆಗೂ.
ನನ್ನ ರೂಟಿನಲ್ಲಿ ಮೂರನೇ ಸ್ಟೇಜು ಎಂದರೆ ಲಾಲ್‌ಬಾಗಿನ ಗೇಟು,
ಕನಕಾಂಬರದ ಬುಟ್ಟಿಯವಳು
ಬೈಯುತ್ತ ಹತ್ತುವ ಜಾಗ.

ಆರು ಕೀಮೋ ಮುಗಿದಾಗ ಡಿಪೋದಲ್ಲಿ
ಡ್ರೈವರ್ ಸಿದ್ದಲಿಂಗಪ್ಪ ಎರಡು ಕೇಜಿ ಮೈಸೂರುಪಾಕು ತಂದು
ಮೆಕ್ಯಾನಿಕ್ಕುಗಳ ಗ್ರೀಸಿನ ಕೈಗೂ ಒಂದೊಂದು ಇಟ್ಟಿದ್ದ.
ಹಂಚಿದ ಸಿಹಿಯನ್ನು ವಾಪಸು ಕೇಳುವುದು ಹೇಗೆ?

ಬೆರಳುಗಳಂತೂ ಇನ್ನೂ ವಾಪಸು ಬಂದಿಲ್ಲ.
ಮೊದಲು ಚೀಲಕ್ಕೆ ಕೈ ಹಾಕಿದರೆ
ಕತ್ತಲಲ್ಲೂ ಗೊತ್ತಾಗುತ್ತಿತ್ತು,
ಇದು ಒಂದು, ಇದು ಎರಡು, ಇದು ದಪ್ಪ ಅಂಚಿನ ಐದು.
ಔಷಧಿ ತುದಿಗಳನ್ನು ತಿಂದುಬಿಟ್ಟಿತು.
ಈಗ ಎಲ್ಲ ನಾಣ್ಯವೂ ಒಂದೇ,
ಬಟ್ಟೆಯೊಳಗಿಂದ ಮುಟ್ಟಿದ ಗುಂಡಿ.
ಎರಡಕ್ಕೆ ಐದು ಕೊಟ್ಟು ರಾತ್ರಿ ಕೈಯಿಂದ ಕಟ್ಟಿದ್ದೇನೆ.
ಒಬ್ಬ ಹುಡುಗ ಮಾತ್ರ, ಜಯನಗರದಲ್ಲಿ ಇಳಿದವನು,
ಓಡಿ ಬಂದು ಕಿಟಕಿಯಲ್ಲಿ ಹಿಂದಿರುಗಿಸಿದ.

ಕೂದಲು ಬಂದಿದೆ, ಅದೂ ಗುಂಗುರು.
ನಲವತ್ತೊಂಬತ್ತು ವರ್ಷ ನೆಟ್ಟಗಿದ್ದದ್ದು
ಯಾರದೋ ಕೂಸಿನ ತಲೆಯಂತೆ ಸುರುಳಿ ಸುರುಳಿ.
ಅಗಲ ಹಲ್ಲಿನ ಬಾಚಣಿಗೆ ಕೊಂಡೆ, ನಲವತ್ತು ರೂಪಾಯಿ,
ಬೆಲೆಚೀಟಿ ಇನ್ನೂ ಕಿತ್ತಿಲ್ಲ.
ಕೂದಲು ಮುಂಬಾಗಿಲಲ್ಲಿ ಹತ್ತುತ್ತಿದ್ದಾಗಲೇ
ಅದೂ ಹತ್ತುತ್ತಿತ್ತು, ಹಿಂಬಾಗಿಲಲ್ಲಿ,
ಟಿಕೆಟ್ಟು ಕೊಳ್ಳದವರ ಹಾಗೆ
ಎತ್ತಲೋ ನೋಡುತ್ತ.

ಧೈರ್ಯವಾಗಿರಿ ಅನ್ನುವವರಿಗೆ ಹೇಳಬೇಕು,
ನೋಟಿನ ಧೈರ್ಯ ಹೋದ ವರ್ಷವೇ ಮುರಿಸಿಬಿಟ್ಟೆ.
ಉಳಿದಿರುವುದು ಚಿಲ್ಲರೆ,
ಒಂದು ಮಧ್ಯಾಹ್ನಕ್ಕಾದೀತು.

ವಾಸಿ ಎಂಬ ಮಾತನ್ನು ಈ ಸಲ ಯಾರೂ ಆಡಲಿಲ್ಲ.
ವಾರಕ್ಕೊಂದು ಇಂಜೆಕ್ಷನ್ನು,
ಆದಷ್ಟು ದಿನ ಹಿಡಿದಿಡೋಣ, ಎಂದರು.
ಹೋಲ್ಡಾನ್, ಎಂದುಕೊಂಡೆ.

ಕಿದ್ವಾಯಿಯಿಂದ ಮನೆಗೆ ನಮ್ಮದೇ ಬಸ್ಸು.
ಕಂಡಕ್ಟರು ಹೊಸ ಹುಡುಗಿ, ಗುರುತಿಲ್ಲ.
"ಎಲ್ಲಿಗಮ್ಮ?"
ದಿನಕ್ಕೆ ಸಾವಿರ ಸಲ ನಾನು ಕೇಳಿದ ಪ್ರಶ್ನೆ,
ಬಾಯಿಗೆ ಸ್ಟಾಪಿನ ಹೆಸರೇ ಬರಲಿಲ್ಲ.
ಕಾದಳು ಪಾಪ. ಹಿಂದೆ ಜನ ನೂಕುತ್ತಿದ್ದರು.
ಕೊನೇ ಸ್ಟಾಪಿಗೇ ಹರಿದು ಕೊಟ್ಟಳು, ಸೊನ್ನೆ ರೂಪಾಯಿ,
"ಮಧ್ಯ ಎಲ್ಲಾದ್ರೂ ಇಳ್ಕೊಳ್ಳಿ."

ರಾತ್ರಿ ಭುವನಳಿಗೆ ಹೇಳಿದೆ.
ಅಳಲಿಲ್ಲ. ಅಡುಗೆಮನೆಗೆ ಹೋಗಿ ಗ್ಯಾಸು ಆರಿಸಿದಳು,
ಹಚ್ಚಿರಲೇ ಇಲ್ಲ.
ತುಂಬ ಹೊತ್ತಿನ ಮೇಲೆ ಎಣ್ಣೆ ಬಟ್ಟಲು ತಂದು
ನನ್ನ ಹಿಂದೆ ಕೂತಳು.
ಬಾಚಣಿಗೆಯ ಬೆಲೆಚೀಟಿಯನ್ನು ಉಗುರಲ್ಲಿ ಕೆರೆಯುವ ಸದ್ದು.

"ಮೂರು ವಾರಕ್ಕೆ ಇದೂ ಉದುರುತ್ತೆ ಕಣೆ," ಅಂದೆ.

"ಉದುರ್ಲಿ. ಈಗ ಸಿಕ್ಕಾಗಿದೆ.
ತಲೆ ಅಲ್ಲಾಡಿಸ್ಬೇಡ."